ಅಶಕ್ತನ ಕೈಯ ಅಡ್ಡಬಿಲ್ಲು

ಕ್ರಿ.ಶ. 1139ರಲ್ಲಿ ರೋಮಿನಲ್ಲಿ ಸೇರಿದ ದ್ವಿತೀಯ ಲ್ಯಾಟರನ್ ಮಹಾಸಭೆಯು ಒಂದು ವಿಚಿತ್ರವಾದ ನಿಷೇಧವನ್ನು ಹೊರಡಿಸಿತು. ಕ್ರೈಸ್ತರ ವಿರುದ್ಧ ಬಿಲ್ಲನ್ನಾಗಲಿ ಅಡ್ಡಬಿಲ್ಲನ್ನಾಗಲಿ ಯಾರೂ ಪ್ರಯೋಗಿಸಕೂಡದೆಂಬುದೇ ಆ ವಿಧಿ. ಅರಸರು ಅದನ್ನು ಹೆಚ್ಚಾಗಿ ಪಾಲಿಸಲಿಲ್ಲ. 1199ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡ್ ಫ್ರಾನ್ಸಿನ ಕೋಟೆಯೊಂದಕ್ಕೆ ಮುತ್ತಿಗೆ ಹಾಕಿದ್ದಾಗ, ಅಡ್ಡಬಿಲ್ಲಿನ ಬಾಣದಿಂದಾದ ಗಾಯದಿಂದಲೇ ಸತ್ತನು. ವರ್ಷಗಟ್ಟಲೆ ಅಭ್ಯಾಸ ಮಾಡಿದ ವೀರನನ್ನು ಅಲ್ಪ ಅಭ್ಯಾಸದ ಸಾಮಾನ್ಯನೂ ಉರುಳಿಸಬಲ್ಲ ಆಯುಧವದು. ಬಲವಿಲ್ಲದವನಿಗೆ ಬಲ ಕೊಡುವುದೇ ಅದರ ಗುಣ; ಅದರ ಮೇಲಿನ ಶಂಕೆಗೂ ಅದೇ ಕಾರಣ.

ಆ ಶಂಕೆ ನಮ್ಮ ಕಾಲದಲ್ಲಿಯೂ ಬೇರೊಂದು ರೂಪದಲ್ಲಿ ಉಳಿದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ರಾಜ್ಯಗಳಲ್ಲಿ ಜಿಂಕೆಯ ಬೇಟೆಗೆ ಕಾನೂನಿನ ಅನುಮತಿಯುಂಟು. ಅಲ್ಲಿ ಬಂದೂಕಿನ ಬೇಟೆಗೆ ಒಂದು ಅವಧಿ, ಬಿಲ್ಲಿನ ಬೇಟೆಗೆ ಮತ್ತೊಂದು ಅವಧಿ. ಬಿಲ್ಲು ಹಿಡಿಯುವವನು ಒಂದು ಕೈಯಿಂದ ಬಿಲ್ಲನ್ನು ಮುಂದಕ್ಕೆ ಚಾಚಿ, ಮತ್ತೊಂದರಿಂದ ಹೆದೆಯನ್ನು ಎಳೆದು, ಗುರಿ ಕೂಡಿಬರುವವರೆಗೆ ಹಾಗೆಯೇ ಹಿಡಿದಿರಬೇಕು. ಭುಜ ಮುರಿದವನಿಗೆ, ಒಂದು ಕೈ ಕಳೆದುಕೊಂಡವನಿಗೆ ಇದು ಅಸಾಧ್ಯ. ಅಡ್ಡಬಿಲ್ಲಿನಲ್ಲಾದರೋ ಬಿಲ್ಲನ್ನು ಬಂದೂಕಿನ ಹಿಡಿಯಂಥ ದಿಮ್ಮಿಗೆ ಅಡ್ಡಲಾಗಿ ಜೋಡಿಸಿರುತ್ತಾರೆ. ಎಳೆದ ಹೆದೆಯನ್ನು ಒಂದು ಕೊಂಡಿ ಹಿಡಿದಿಡುತ್ತದೆ. ಎಳೆಯುವುದಕ್ಕೂ ಕೈತಿರುಗಣಿಯ ಸಹಾಯವುಂಟು. ಬಾಣ ಬಿಡಲು ಟ್ರಿಗರ್ ಒತ್ತಿದರೆ ಸಾಕು. ಕೈಕಾಲುಗಳೆರಡೂ ಸ್ವಾಧೀನದಲ್ಲಿಲ್ಲದವರು ಕೊಳವೆಯೊಂದರಲ್ಲಿ ಉಸಿರನ್ನು ಎಳೆದು ಅಥವಾ ಊದಿ ಬಾಣ ಬಿಡಬಹುದಾದ ಸಾಧನವೂ ಬಂದಿದೆ.

ಅಡ್ಡಬಿಲ್ಲನ್ನು ಬಿಲ್ಲಿನ ಅವಧಿಯೊಳಗೆ ಬಿಡಬೇಕೇ ಎಂಬುದು ಅಲ್ಲಿ ದೀರ್ಘಕಾಲದ ವಿವಾದವಾಯಿತು. ಪೆನ್ಸಿಲ್ವೇನಿಯ ರಾಜ್ಯದ ಬಹುಭಾಗದಲ್ಲಿ 2009ರವರೆಗೆ ಅಂಗವಿಕಲರಿಗೆ ಮಾತ್ರ, ಅದೂ ವಿಶೇಷ ಪರವಾನಗಿಯ ಮೇಲೆ, ಆ ಅವಕಾಶವಿತ್ತು. ಅನಂತರ ಅದು ಎಲ್ಲರಿಗೂ ದೊರೆಯಿತು. ಆಕ್ಷೇಪಿಸಿದವರ ವಾದವೇನೂ ಕ್ಷುಲ್ಲಕವಲ್ಲ. ಬಿಲ್ಲಿನ ಬೇಟೆ ಕಷ್ಟಸಾಧ್ಯ, ಆದುದರಿಂದಲೇ ಅದಕ್ಕೆ ದೀರ್ಘವಾದ ಅವಧಿ. ಕಷ್ಟವನ್ನು ತೆಗೆದುಹಾಕಿದರೆ ಅವಧಿಯ ನ್ಯಾಯವೇ ಬಿದ್ದುಹೋಗದೇ ಎಂದು ಅವರು ಕೇಳಿದರು. ಹೆದೆಯೆಳೆಯುವ ಅಲುಗಾಟದಿಂದಲೇ ಎಷ್ಟೋ ಜಿಂಕೆಗಳು ಎಚ್ಚೆತ್ತು ಪಾರಾಗುತ್ತವೆ. ಅಡ್ಡಬಿಲ್ಲಿನವನಿಗೆ ಆ ತೊಡಕಿಲ್ಲ ಎಂಬುದೂ ನಿಜ.

ಹಾಗಾದರೆ ಒಂದು ಕಾರ್ಯದ ಸಾರವಿರುವುದು ಎಲ್ಲಿ? ಇದೇ ಪ್ರಶ್ನೆ 2001ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬೇರೊಂದು ಸಂದರ್ಭದಲ್ಲಿ ಬಂದಿತ್ತು. ಕೇಸಿ ಮಾರ್ಟಿನ್ ಎಂಬ ಗಾಲ್ಫ್ ಆಟಗಾರನ ಬಲಗಾಲಿನಲ್ಲಿ ಹುಟ್ಟಿನಿಂದಲೇ ರಕ್ತಸಂಚಾರದ ದೋಷವಿತ್ತು. ಸ್ಪರ್ಧೆಯಲ್ಲಿ ನಡೆಯುವ ಬದಲು ಪುಟ್ಟ ವಾಹನದಲ್ಲಿ ಸಾಗಲು ಅನುಮತಿ ಕೇಳಿದ. ನಡೆಯುವ ಆಯಾಸವೂ ಆಟದ ಭಾಗವೆಂದು ಪ್ರತಿವಾದಿಗಳು ಹೇಳಿದರು. ಗಾಲ್ಫಿನ ಸಾರ ಚೆಂಡನ್ನು ಹೊಡೆಯುವುದರಲ್ಲಿದೆಯೇ ಹೊರತು ನಡೆಯುವುದರಲ್ಲಿಲ್ಲವೆಂದು ಏಳು ನ್ಯಾಯಮೂರ್ತಿಗಳು ತೀರ್ಪಿತ್ತರು. ಇಬ್ಬರು ಭಿನ್ನಮತ ತಾಳಿದರು.

ಬೇಟೆಗೂ ಈ ಅಳತೆಗೋಲನ್ನು ಹಿಡಿದು ನೋಡೋಣ. ಬಿಲ್ಲುಗಾರನು ಸಾಮಾನ್ಯವಾಗಿ 20ರಿಂದ 40 ಗಜಗಳ ಸಮೀಪಕ್ಕೆ ಜಿಂಕೆ ಬರುವವರೆಗೆ ಗಂಟೆಗಟ್ಟಲೆ ಚಳಿಯಲ್ಲಿ ಕಾಯಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಪ್ರಾಣಿ ಯಾವ ಮಗ್ಗುಲಾಗಿ ನಿಂತಿದೆ, ಬಾಣ ಒಂದೇ ಏಟಿಗೆ ಮರ್ಮಕ್ಕೆ ತಗಲುವುದೋ ಇಲ್ಲವೋ ಎಂದು ವಿವೇಚಿಸಬೇಕು. ಸಂಶಯವಿದ್ದರೆ ಬಾಣವನ್ನು ತಡೆಹಿಡಿಯಬೇಕು. ಅಡ್ಡಬಿಲ್ಲು ಇವುಗಳಲ್ಲಿ ಒಂದನ್ನೂ ಅವನ ಪರವಾಗಿ ಮಾಡದು. ಅದು ತೋಳಿನ ಕೆಲಸವನ್ನು ವಹಿಸಿಕೊಳ್ಳುತ್ತದೆ, ಮನಸ್ಸಾಕ್ಷಿಯ ಕೆಲಸವನ್ನಲ್ಲ.

ಈ ವಾದದಲ್ಲಿ ನಾವು ಮರೆಯುವ ಮೂರನೆಯವನೊಬ್ಬನಿದ್ದಾನೆ. ಅವನೇ ಆ ಮೂಕಪ್ರಾಣಿ. ಬಲ ಸಾಲದ ಕೈ ಅಭಿಮಾನಕ್ಕಾಗಿ ಸಾದಾ ಬಿಲ್ಲನ್ನೇ ಎತ್ತಿ, ಅರ್ಧ ಎಳೆದ ಹೆದೆಯಿಂದ ಬಾಣ ಬಿಟ್ಟರೆ, ಗಾಯಗೊಂಡ ಜಿಂಕೆ ಪೊದೆಗಳೊಳಗೆ ನರಳಿ ಸಾಯುತ್ತದೆ. ಆಗ ಮನುಷ್ಯನ ಹಮ್ಮಿಗೆ ಬೆಲೆ ತೆತ್ತದ್ದು ಜಿಂಕೆ. ‘ನನಗೆ ನೆರವು ಬೇಕು’ ಎಂದು ಒಪ್ಪಿಕೊಳ್ಳುವುದು ಸೋಲಲ್ಲ, ಅದು ಕರುಣೆಯ ಮೊದಲ ಮೆಟ್ಟಿಲು.

ಆದರೆ ಕೆಲವರು ಹೀಗೂ ಕೇಳಬಹುದು: ಕೈ ಸೋತ ಮೇಲೆ ಬೇಟೆಯನ್ನೇ ಬಿಟ್ಟುಬಿಡಬಾರದೇಕೆ? ಬಿಡು ಎಂಬುದಕ್ಕೆ ದೇವರೇ ಕೊಟ್ಟ ಸೂಚನೆ ಅದಾಗಿರಬಾರದೇಕೆ? ಮೇಲುನೋಟಕ್ಕೆ ಈ ಮಾತು ಭಕ್ತಿಯದಾಗಿ ಕಂಡರೂ ಅದರಲ್ಲಿ ಕಠೋರತೆಯಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಆಹಾರ ಮತ್ತು ಉಡುಪಿಗಾಗಿ ಪ್ರಾಣಿಗಳನ್ನು ಬಳಸುವುದನ್ನು ಒಪ್ಪುತ್ತದೆ. ಅಗತ್ಯವಿಲ್ಲದೆ ಅವುಗಳನ್ನು ಹಿಂಸಿಸುವುದು, ಕೊಲ್ಲುವುದು ಮಾನವ ಘನತೆಗೆ ವಿರುದ್ಧವೆಂದೂ ಹೇಳುತ್ತದೆ. ಈ ಅಳತೆ ಗಟ್ಟಿಮುಟ್ಟಾದವನಿಗೂ ಅಂಗವಿಕಲನಿಗೂ ಒಂದೇ. ಬೇಟೆ ತಪ್ಪಾದರೆ ಇಬ್ಬರಿಗೂ ತಪ್ಪು. ಮನೆಯ ಊಟಕ್ಕಾಗಿ ನ್ಯಾಯವಾದುದಾದರೆ ಇಬ್ಬರಿಗೂ ನ್ಯಾಯ. ಅಂಗವೈಕಲ್ಯವು ತಪ್ಪಿಗೆ ಪರವಾನಗಿಯಲ್ಲ, ಒಪ್ಪಿಗೆ ಬಾಗಿಲು ಮುಚ್ಚುವ ಬೀಗವೂ ಅಲ್ಲ. ಆರೋಗ್ಯವಂತನಿಂದ ನಾವು ಕೇಳದ ತ್ಯಾಗವನ್ನು ಅಶಕ್ತನಿಂದ ಕೇಳುವ ಹಕ್ಕು ನಮಗಿಲ್ಲ. ಬಲವಂತದಿಂದ ಬಿಡಿಸಿದ್ದನ್ನು ತ್ಯಾಗವೆಂದು ಕರೆಯಲೂ ಆಗದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಿಂಕೆಯ ಬೇಟೆಯನ್ನು ನಿಷೇಧಿಸಿದೆ. ಆ ಅಡ್ಡಬಿಲ್ಲು ನಮ್ಮ ಕೈಗೆ ಬರುವಂತಿಲ್ಲ. ಆದರೆ ಪ್ರಶ್ನೆ ನಮ್ಮ ಮನೆಬಾಗಿಲಿನಲ್ಲಿಯೇ ಇದೆ. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕನನ್ನೂ ಹೆಚ್ಚಿನ ಸಮಯವನ್ನೂ ಕೊಟ್ಟಾಗ, ‘ಅವನಿಗೇನು, ಸುಲಭವಾಯಿತು’ ಎಂದು ಗೊಣಗುವ ತಂದೆತಾಯಿಗಳಿಲ್ಲವೇ? ಉತ್ತರವನ್ನು ಯೋಚಿಸುವ ಭಾರವನ್ನು ಆ ಸಹಾಯಕ ಹೊರುವುದಿಲ್ಲ. ಅವನು ಕೊಡುವುದು ಕೈಯನ್ನು ಮಾತ್ರ.

ಇನ್ನೊಂದು ಬದಿಯ ಪಾಪವೂ ಉಂಟು. ಗಟ್ಟಿಯಾದ ಭುಜವುಳ್ಳವನು ವೈದ್ಯರ ಸುಳ್ಳು ಪತ್ರ ತಂದು ಅಂಗವಿಕಲನ ಪರವಾನಗಿ ಪಡೆದರೆ, ನಿಜವಾಗಿ ಭುಜ ಮುರಿದವನ ಮೇಲೆ ಊರೆಲ್ಲ ಸಂಶಯಪಡುತ್ತದೆ. ನಮ್ಮಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸರ್ಕಾರಿ ಉದ್ಯೋಗಗಳಲ್ಲಿ ಶೇಕಡ 4ಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ವಿಧಿಸಿದೆ. ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ವಂಚನೆಯಿಂದ ಪಡೆದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದೆಂದು ಅದೇ ಕಾಯಿದೆ ಹೇಳುತ್ತದೆ. ಕಾನೂನು ಕದ್ದ ಉದ್ಯೋಗವನ್ನು ಲೆಕ್ಕ ಹಾಕಬಲ್ಲದು. ಕದ್ದುಹೋದ ನಂಬಿಕೆಯನ್ನು ಯಾರು ತುಂಬಿಕೊಡುವರು?

ಮಾರ್ಕನ ಶುಭಸಂದೇಶದಲ್ಲಿ ನಾಲ್ವರು ಪಾರ್ಶ್ವವಾಯು ಪೀಡಿತನೊಬ್ಬನನ್ನು ಹೊತ್ತು ತಂದು, ಮನೆಯ ಚಾವಣಿಯನ್ನೇ ತೆರೆದು ಯೇಸುವಿನ ಮುಂದೆ ಇಳಿಸಿದ ಪ್ರಸಂಗವಿದೆ. ಬಾಗಿಲಿನಿಂದಲೇ ಬರಬೇಕೆಂದು ಪ್ರಭು ಅವರನ್ನು ಗದರಿಸಲಿಲ್ಲ. ಆದರೆ ಅವನನ್ನು ಗುಣಪಡಿಸಿದ ಮೇಲೆ, ತನ್ನ ಹಾಸಿಗೆಯನ್ನು ತಾನೇ ಹೊತ್ತು ಮನೆಗೆ ಹೋಗುವಂತೆ ಹೇಳಿದರು. ಹೊರಲಾಗದ ಭಾರವನ್ನು ಇತರರು ಹೊರಬೇಕು. ಹೊರಬಲ್ಲ ಹೊಣೆಯನ್ನು ಅವನಿಂದ ಯಾರೂ ಕಿತ್ತುಕೊಳ್ಳಬಾರದು. ಅಡ್ಡಬಿಲ್ಲಿನ ನ್ಯಾಯವೂ ಇಷ್ಟೇ. ಬಾಣ ಬಿಡುವ ಅವಕಾಶವಿರುವವನಿಗೆ ಮಾತ್ರ ಬಾಣವನ್ನು ತಡೆಹಿಡಿಯುವ ಪುಣ್ಯವೂ ಲಭಿಸುತ್ತದೆ. ನಮ್ಮ ನಡುವಿನ ಅಶಕ್ತರಿಗೆ ನಾವು ಆ ಆಯ್ಕೆಯನ್ನು ಉಳಿಸಿಕೊಟ್ಟಿದ್ದೇವೆಯೇ ಎಂದು ಪ್ರತಿಯೊಂದು ಕುಟುಂಬವೂ ತನ್ನನ್ನು ತಾನೇ ಕೇಳಿಕೊಳ್ಳಲಿ.