ದೈವವೋ, ಪುರುಷಕೃತವೋ?

“ಮಾಡಿದ್ದುಣ್ಣೋ ಮಹಾರಾಯ” ಎಂಬುದು ಲೋಕೋಕ್ತಿ. 2020ನೆಯ ಅಕ್ಟೋಬರಿನ ಅತಿವೃಷ್ಟಿಯಲ್ಲಿ ಕಾಗಿಣಾ ನದಿಯು ಉಕ್ಕಿ ಸೇಡಂ ಸೀಮೆಯ ಹೊಲಗಳನ್ನು ಮುಳುಗಿಸಿತು. ಅದನ್ನು ದೈವವೆಂದು ಬಿಟ್ಟುಬಿಡಬಹುದೇ? ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿಯನ್ನು ಧರಿಸಬಲ್ಲದು. ಯಂತ್ರಯುಗದಿಂದೀಚೆಗೆ ಭೂಮಿಯ ಬಿಸಿಯು ಅದಕ್ಕೂ ಮಿಕ್ಕಿ ಏರಿದೆ. ಒಂದೊಂದು ಮಳೆಯನ್ನೂ ಮನುಷ್ಯಕೃತವೆನ್ನುವುದು ದುಡುಕು. ಆದರೆ ಮಳೆಯು ಬಿರುಸಾಗುವ ಸಂಭವವು ಹೆಚ್ಚಿರುವುದು ನಿಜ. ಕಲ್ಲಿದ್ದಲನ್ನು ಸುಟ್ಟು ಸಿರಿವಂತವಾದ ದೇಶಗಳೆಲ್ಲಿ, ಮಳೆಯನ್ನೇ ನಂಬಿ ತೊಗರಿ ಬಿತ್ತುವ ಚಂದಾಪುರದ ರೈತನೆಲ್ಲಿ! ಇಲ್ಲಿ ಮಾಡಿದವನೊಬ್ಬ, ಉಣ್ಣುವವನೊಬ್ಬ. ಆದರೂ ವಾಡಿ, ಸೇಡಂಗಳ ಸಿಮೆಂಟಿನ ಹೊಗೆಯು ಸೇರುವುದು ಅದೇ ಆಕಾಶವನ್ನು. ವಿದ್ಯಾವಂತರ ಮನೆಗಳು ನಿಂತಿರುವುದೂ ಸಿಮೆಂಟಿನಿಂದಲೇ. ಆದುದರಿಂದ ತನ್ನ ಪಾಲನ್ನು ದೈವದ ತಲೆಗೆ ಕಟ್ಟುವುದು ಧರ್ಮವಲ್ಲ. ಹೆಚ್ಚು ಸುಟ್ಟವನು ಹೆಚ್ಚು ತೆರತಕ್ಕದ್ದು. ಅಲ್ಪ ಸುಟ್ಟವನೂ ಲೆಕ್ಕವನ್ನು ಮರೆಯತಕ್ಕದ್ದಲ್ಲ.