ಸುಮ್ಮನಿರುವ ಮರ

ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಬ್ಬ ಹುಡುಗ ನನ್ನ ಶೆಡ್ಡಿಗೆ ಬಂದ. ಇಂಜಿನಿಯರಿಂಗ್ ಕೊನೆಯ ವರ್ಷ, ಗೆಳೆಯರ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾನೆ. ಅವನ ಆಂಪ್ಲಿಫೈಯರಿನ ಪೆಟ್ಟಿಗೆ ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಹೊಸದು ಮಾಡಿಸಬೇಕಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಬೀಟೆ ಹಲಗೆಗಳನ್ನು ಕಂಡು ಕೇಳಿದ: “ಸರ್, ಇದರಲ್ಲಿ ಮಾಡಿದ್ರೆ ಟೋನ್ ಚೆನ್ನಾಗಿ ಬರುತ್ತಾ?”

“ಬೀಟೆ ತುಂಬ ಗಟ್ಟಿ ಮರ ಕಣಪ್ಪ. ಅಷ್ಟು ಸುಲಭಕ್ಕೆ ಅದುರಲ್ಲ” ಅಂದೆ.

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅವನು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಅವನು ಅದನ್ನು ‘ಹೌದು’ ಅಂತ ಕೇಳಿಸಿಕೊಂಡ. ಹಾಗೆ ಕೇಳಿಸಿಕೊಳ್ಳುತ್ತಾನೆ ಅಂತ ನನಗೆ ಗೊತ್ತಿತ್ತು. ಪೈನ್ ಮರದಲ್ಲಾದರೆ ಒಂಬತ್ತು ಸಾವಿರ, ಬೀಟೆಯಲ್ಲಾದರೆ ಮೂವತ್ತೆಂಟು. ಅವನು ಮುಂಗಡ ಕೊಟ್ಟು ಹೋದ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗಿಟಾರ್ ಆಂಪ್ಲಿಫೈಯರುಗಳಲ್ಲಿ ಎರಡು ಬಗೆ. ಒಂದರಲ್ಲಿ ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿರುತ್ತವೆ, ಅದು ಕಾಂಬೊ. ಇನ್ನೊಂದರಲ್ಲಿ ವಿದ್ಯುತ್ ಭಾಗ ಬೇರೆ, ಸ್ಪೀಕರ್ ಪೆಟ್ಟಿಗೆ ಬೇರೆ. ಮೇಲೆ ಕೂರುವ ವಿದ್ಯುತ್ ಭಾಗಕ್ಕೆ ಹೆಡ್ ಅನ್ನುತ್ತಾರೆ. ಸ್ಪೀಕರ್ ಇರುವ ಪೆಟ್ಟಿಗೆಯ ಮಾತಾದರೆ ವಾದ ಮಾಡಲು ಜಾಗವಿದೆ. ಬೆನ್ನು ತೆರೆದಿದ್ದರೆ ಸ್ಪೀಕರಿನ ಹಿಂದಿನ ಅಲೆ ಮುಂದಿನ ಅಲೆಯನ್ನು ಕೂಡಿ ತಗ್ಗಿನ ಸ್ವರಗಳು ತೆಳುವಾಗುತ್ತವೆ; ಮುಚ್ಚಿದ್ದರೆ ಬಿಗಿಯಾಗಿ ಗುಮ್ಮೆನ್ನುತ್ತವೆ. ಪೆಟ್ಟಿಗೆಯ ಅಳತೆ, ಸ್ಪೀಕರ್ ಕೂರಿಸುವ ಮುಂದಿನ ಹಲಗೆಯ ದಪ್ಪ, ಇವೆಲ್ಲ ಕಿವಿಗೆ ಗೊತ್ತಾಗುತ್ತವೆ. ಹಗುರ ಪೈನ್ ತಾನೂ ಸ್ವಲ್ಪ ಅದುರುತ್ತದೆ, ಅದೇ ಇಷ್ಟ ಅನ್ನುವ ವಾದಕರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಹುಡುಗನದು ಹೆಡ್. ಅದರೊಳಗೆ ಸ್ಪೀಕರೇ ಇಲ್ಲ. ಅದು ಬೀಟೆಯದಾದರೂ ಒಂದೇ, ರಟ್ಟಿನದಾದರೂ ಒಂದೇ.

ವೀಣೆಯ ವಿಷಯ ಹಾಗಲ್ಲ. ತಂಜಾವೂರು ವೀಣೆಯಲ್ಲಿ ಹಲಸಿನ ಮರವೇ ತಂತಿಯ ಜೊತೆ ಕಂಪಿಸುತ್ತದೆ, ಆ ಮರವನ್ನು ತಟ್ಟಿ ನೋಡಿ ಆರಿಸುವುದಕ್ಕೆ ಅರ್ಥವಿದೆ. ನಮ್ಮ ಮನಸ್ಸಿನಲ್ಲಿ ಮರಕ್ಕೂ ನಾದಕ್ಕೂ ಇರುವ ನಂಟು ಅಲ್ಲಿಂದ ಬಂದದ್ದು ಅಂತ ಕಾಣುತ್ತದೆ. ಆಂಪ್ ಹೆಡ್ಡಿನ ಮರ ಮಾಡಬೇಕಾದ ಕೆಲಸ ಒಂದೇ, ಸುಮ್ಮನಿರುವುದು.

ಇದರಲ್ಲೊಂದು ತಮಾಷೆಯೂ ಇದೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಲಿಯೋ ಫೆಂಡರ್ 1946ರಲ್ಲಿ ತನ್ನ ಹೆಸರಿನ ಕಂಪನಿ ಶುರು ಮಾಡಿದಾಗ ಮೊದಲ ಆಂಪ್‌ಗಳನ್ನು ಗಟ್ಟಿ ಮರದಲ್ಲೇ, ಮೇಲೆ ಬಟ್ಟೆ ಹೊದಿಸದೆ ಮಾಡಿದ. ಎರಡು ಮೂರು ವರ್ಷದಲ್ಲಿ ಅದನ್ನು ಬಿಟ್ಟು ಪೈನ್ ಪೆಟ್ಟಿಗೆಗೆ ಒರಟು ಬಟ್ಟೆ ಅಂಟಿಸಲು ಶುರುಮಾಡಿದ. ಇವತ್ತು ಗಿಟಾರ್ ವಾದಕರು ಹಳೆಯ ಚಿನ್ನದಂತೆ ಆರಾಧಿಸುವ ನಾದ ಬಹುಪಾಲು ಆ ಪೈನ್ ಪೆಟ್ಟಿಗೆಗಳದ್ದು. ಲಂಡನ್ನಿನಲ್ಲಿ ಶುರುವಾದ ಮಾರ್ಷಲ್ ಕಂಪನಿಯ ನಾಲ್ಕು ಸ್ಪೀಕರಿನ ಪ್ರಸಿದ್ಧ ಪೆಟ್ಟಿಗೆ ಬರ್ಚ್ ಪ್ಲೈವುಡ್ಡಿನದು. ಎಪ್ಪತ್ತರ ದಶಕದಲ್ಲಿ ಮೀಸಾ ಬೂಗಿಯವರು ಗಟ್ಟಿಮರದ ಚೌಕಟ್ಟಿಗೆ ಬೆತ್ತದ ಹೆಣಿಗೆಯ ಮುಖ ಕೊಟ್ಟು ಮಾರಿದರು. ಬಲು ಚೆಂದದ ಸಾಮಾನು, ಇಂದಿಗೂ ನೋಡಿದರೆ ಮುಟ್ಟಬೇಕೆನಿಸುತ್ತದೆ.

ಹಾಗಂತ ಮೂವತ್ತೆಂಟು ಸಾವಿರ ಸುಮ್ಮನೆ ಕಿತ್ತುಕೊಂಡ ದುಡ್ಡಲ್ಲ. ಗಟ್ಟಿಮರದಲ್ಲಿ ತಪ್ಪು ಮುಚ್ಚುವುದಕ್ಕಾಗುವುದಿಲ್ಲ. ರೆಕ್ಸಿನ್ ಹೊದಿಸುವ ಪೆಟ್ಟಿಗೆಯಲ್ಲಿ ಸಂದಿಗೆ ಪುಟ್ಟಿ ತುಂಬಿ ಉಜ್ಜಿದರೆ ಮುಗಿಯಿತು. ಬೀಟೆಯಲ್ಲಿ ಎರಡು ಕೈಯ ಬೆರಳು ಹೆಣೆದ ಹಾಗೆ ಮೂಲೆ ಕೂಡಿಸಿದರೆ ಒಂದೊಂದು ಬೆರಳೂ ಎಲ್ಲರಿಗೂ ಕಾಣುತ್ತದೆ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತದೆ. ಆದ್ದರಿಂದ ನಾಲ್ಕೂ ಹಲಗೆಗಳ ಎಳೆ ಪೆಟ್ಟಿಗೆಯನ್ನು ಸುತ್ತುವರಿದು ಒಂದೇ ದಿಕ್ಕಿಗೆ ಓಡಬೇಕು, ಆಗ ಎಲ್ಲ ಒಟ್ಟಿಗೆ ಉಸಿರಾಡುತ್ತವೆ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ತೇಗದ ಪೆಟ್ಟಿಗೆಯ ಒಳಗೆ ಗಟ್ಟಿಯಿರಲಿ ಅಂತ ಎಳೆಗೆ ಅಡ್ಡವಾಗಿ ಪಟ್ಟಿ ಅಂಟಿಸಿದ್ದೆ. ಏಪ್ರಿಲ್‌ನಲ್ಲಿ ನಡುಮಧ್ಯೆ ಸೀಳು ಬಿಟ್ಟಿತು. ನನಗೆ ಮರಗೆಲಸ ಕಲಿಸಿದ ಆಚಾರ್ರು ಅದನ್ನು ತಿರುಗಿಸಿ ನೋಡಿ, “ಕಟ್ಟಿ ಹಾಕಿದ್ರಲ್ಲ ಸ್ವಾಮಿ ಪಾಪ” ಅಂದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಹುಡುಗನ ಪೆಟ್ಟಿಗೆ ಚೆನ್ನಾಗಿಯೇ ಬಂತು. ಮಲೆನಾಡಿನ ಯಾವುದೋ ಹಳೆಮನೆ ಕೆಡವಿದಾಗ ಬಂದ ತೊಲೆ ಅದು, ಕಾಗದಪತ್ರ ಇದ್ದದ್ದು. ರಂದ ಹಾಕಿದ ಮೇಲೆ ಚೇಗಿನ ನೇರಳೆ ಕಪ್ಪು ಗೆರೆಗಳು ಎದ್ದು ಬಂದವು. ಅವನು ಮನೆಗೆ ಒಯ್ದ ರಾತ್ರಿಯೇ ಫೋನ್ ಮಾಡಿದ: “ಸರ್, ಸೌಂಡೇ ಬೇರೆ ಆಗಿಬಿಟ್ಟಿದೆ!” ನಾನು “ಒಳ್ಳೇದಾಯ್ತು” ಅಂದೆ. ಎರಡನೆಯ ಸಲ ಜಾರಿಕೊಂಡದ್ದು ಅದು.

ಆಮೇಲೆ ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ಒಂದೆರಡಲ್ಲ. ಅವನಿಗೆ ಕೇಳಿಸಿದ್ದು ಅವನಿಗೆ ನಿಜ. ಖುಷಿಯಿಂದ ನುಡಿಸಿದರೆ ಕೈ ಬೇರೆ ಥರ ಓಡುತ್ತದೆ, ಅಂದಮೇಲೆ ನಾದ ಬದಲಾಗಿದ್ದೂ ನಿಜವಿರಬಹುದು. ಅವನ ಸಂತೋಷವನ್ನು ಕಿತ್ತುಕೊಳ್ಳಲು ನಾನು ಯಾರು? ಈ ವಾದ ಕೇಳಲು ಉದಾರವಾಗಿದೆ. ಆದರೆ ಇದರಲ್ಲಿ ಲಾಭ ಬಂದದ್ದು ಯಾರಿಗೆ ಅಂತ ನೋಡಿದರೆ ಔದಾರ್ಯದ ಬಣ್ಣ ಇಳಿಯುತ್ತದೆ. ಅವನ ಸಂತೋಷವನ್ನು ಕಾಪಾಡುವ ನೆಪದಲ್ಲಿ ನಾನು ಕಾಪಾಡುತ್ತಿದ್ದದ್ದು ನನ್ನ ಬಿಲ್ಲನ್ನು. ಇನ್ನೊಬ್ಬರ ಒಳ್ಳೆಯದಕ್ಕೆಂದು ಸತ್ಯ ಮುಚ್ಚಿಡುವವರು ಆ ಮುಚ್ಚಿಟ್ಟದ್ದರಿಂದ ತಮಗೆ ಕಾಸು ಹುಟ್ಟುವಾಗ ತಮ್ಮನ್ನೇ ನಂಬಬಾರದು ಅಂತ ನನಗನಿಸುತ್ತದೆ.

ಇನ್ನೂ ಒಂದು ಕಾಡಿತು. ನಾನು ಅವನಿಗೆ ಬರೀ ‘ನೋಡಲು ಚೆಂದ’ ಅಂತ ಯಾಕೆ ಹೇಳಲಿಲ್ಲ? ಮಗಳ ಮದುವೆಗೆ ಬೀಟೆ ಮಂಚ ಮಾಡಿಸುವವರು ನಿದ್ದೆ ಚೆನ್ನಾಗಿ ಬರುತ್ತಾ ಅಂತ ಕೇಳುವುದಿಲ್ಲ. ಈ ಊರಿನ ಓದಿದ ಹುಡುಗರಿಗೆ ಮಾತ್ರ ಚೆಂದಕ್ಕೆ ದುಡ್ಡು ಕೊಡಲು ಏನೋ ನಾಚಿಕೆ, ಒಂದು ಉಪಯೋಗದ ಕಾರಣ ಬೇಕು. ಆ ಕಾರಣವನ್ನು ಒದಗಿಸುವುದೇ ಮಾರುವವನ ಕಸುಬಾಗಿಬಿಟ್ಟಿದೆ. ಬೀಟೆಯಂಥ ಮರಕ್ಕೆ ಇದು ಅವಮಾನ. ಆ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಯಲ್ಲಿವೆ. ನಮ್ಮಲ್ಲಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ತಲೆಮಾರುಗಳು ಕಳೆದು ಬೆಳೆದದ್ದನ್ನು ಬಳಸುವಾಗ ಚೆಂದವೊಂದೇ ಕಾರಣವಾದರೆ ಸಾಕೇ ಎಂಬ ಪ್ರಶ್ನೆ ಕಷ್ಟದ್ದು. ನನಗೆ ಒಮ್ಮೊಮ್ಮೆ ಸಾಕೆನಿಸುತ್ತದೆ, ಒಮ್ಮೊಮ್ಮೆ ಇಲ್ಲ. ಆದರೆ ಸುಳ್ಳು ಕಾರಣ ಮುಂದಿಟ್ಟರೆ ಆ ಪ್ರಶ್ನೆಯನ್ನು ಕೇಳುವ ಸಂದರ್ಭವೇ ಬರುವುದಿಲ್ಲ. ಹುಡುಗನಿಗೂ ಬರಲಿಲ್ಲ.

ಕಳೆದ ತಿಂಗಳು ಅವನ ಮಾತು ಕೇಳಿಕೊಂಡು ಮೂರು ಆರ್ಡರ್ ಬಂದವು. ಮೂವರಿಗೂ ‘ಆ ಟೋನ್’ ಬೇಕು. ಆಗ ತಡೆಯಲಾಗಲಿಲ್ಲ. ಮೂವರಿಗೂ ಬಿಡಿಸಿ ಬರೆದೆ. ಇಬ್ಬರು ಆಮೇಲೆ ಸುದ್ದಿಯಿಲ್ಲ. ಒಬ್ಬ ಮಾತ್ರ “ಗೊತ್ತು ಸರ್, ನನಗೆ ನೋಡೋಕೇ ಬೇಕು” ಅಂದ.

ಹುಡುಗನನ್ನು ಶೆಡ್ಡಿಗೆ ಕರೆದೆ. ಅದೇ ಅಳತೆಯ ಒಂದು ಪೈನ್ ಪೆಟ್ಟಿಗೆ ಮಾಡಿಟ್ಟಿದ್ದೆ. ವಾಲ್ವ್ ಆಂಪಿನೊಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳು ಹಿಡಿದಿಟ್ಟುಕೊಂಡಿರುತ್ತವೆ. ಆ ಕೆಲಸ ಬಲ್ಲ ಗೆಳೆಯನನ್ನು ಕೂರಿಸಿಕೊಂಡು ಚಾಸಿಯನ್ನು ಅತ್ತಿಂದಿತ್ತ ಬದಲಾಯಿಸಿದೆವು. ಹುಡುಗ ಬೆನ್ನು ತಿರುಗಿಸಿ ನಿಂತು ನುಡಿಸಿದ. ಆರು ಸಲದಲ್ಲಿ ಮೂರು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಇದು ಅವನಿಗೂ ಹೊಳೆಯಿತು, ಮುಖ ಸಣ್ಣದಾಯಿತು.

“ನಿಮಗೆ ಮೊದಲೇ ಗೊತ್ತಿತ್ತಾ ಸರ್?”

“ಗೊತ್ತಿತ್ತು.”

ಬೀಟೆ ಪೆಟ್ಟಿಗೆ ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ಕೊಡುತ್ತೇನೆ, ಪೈನಿನದು ಹಾಗೇ ಇಟ್ಟುಕೋ, ಆ ಹಣದಲ್ಲಿ ಒಂದು ಒಳ್ಳೆಯ ಹನ್ನೆರಡು ಇಂಚಿನ ಸ್ಪೀಕರ್ ತಗೋ, ನಾದ ನಿಜಕ್ಕೂ ಬದಲಾಗುವುದು ಅಲ್ಲಿ, ಅಂದೆ. ಅವನು ಬೆಂಚಿನ ಮೇಲಿದ್ದ ಬೀಟೆಯ ಮೂಲೆಯ ಮೇಲೆ ಹೆಬ್ಬೆರಳು ಆಡಿಸುತ್ತ ಸ್ವಲ್ಪ ಹೊತ್ತು ನಿಂತ. “ಒಂದು ವಾರ ಟೈಮ್ ಕೊಡಿ” ಅಂದು, ಅದನ್ನೇ ಎತ್ತಿಕೊಂಡು ಹೋದ.

ಇವತ್ತಿಗೆ ಐದನೆಯ ದಿನ. ಪೈನ್ ಪೆಟ್ಟಿಗೆಗೆ ಎರಡನೆಯ ಕೋಟ್ ಎಣ್ಣೆ ಹಚ್ಚಿ ಒಣಗಲು ಇಟ್ಟಿದ್ದೇನೆ.