ಎಚ್ಚರಿಕೆಯ ಸದ್ದು

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ನಮ್ಮನ್ನು ಕರೆದೊಯ್ಯುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬರ ಕಾರು ದಾರಿಯಲ್ಲಿ ಸದ್ದುಮಾಡತೊಡಗಿತು. “ಇದೊಂದು ಕಿರಿಕಿರಿ ಬುದ್ಧಿ, ತೆಗೆಸಿಬಿಡಬೇಕು” ಎಂದರವರು.

2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯ. ವೇಗವು ಗಂಟೆಗೆ 80 ಕಿಲೋಮೀಟರನ್ನು ಮೀರಿದರೆ ಬಿಟ್ಟುಬಿಟ್ಟು, 120ನ್ನು ಮೀರಿದರೆ ಎಡೆಬಿಡದೆ ಸದ್ದಾಗುತ್ತದೆ. ಈ ಮಿತಿಗಳು ಚಾಲಕನ ಇಚ್ಛೆಗೆ ಬಿಟ್ಟವಲ್ಲ. ಆದರೆ ಕೆಲವು ಕಾರುಗಳಲ್ಲಿ, ಇವಲ್ಲದೆ, ಚಾಲಕನು ತನಗೆ ತಾನೇ ಇನ್ನೂ ಕಡಿಮೆಯ ಮಿತಿಯನ್ನು ಗೊತ್ತುಮಾಡಿಕೊಳ್ಳುವ ಅನುಕೂಲವುಂಟು.

ಇಲ್ಲಿಯೇ ಧರ್ಮದ ಪ್ರಶ್ನೆ ಏಳುತ್ತದೆ. ಸದ್ದಿಲ್ಲವೆಂದ ಮಾತ್ರಕ್ಕೆ ನಮ್ಮ ವೇಗ ಸರಿಯೆನ್ನಬಹುದೆ? ಆ ಯಂತ್ರಕ್ಕೆ ಗೊತ್ತಿರುವುದು ಅಂಕಿಯೇ ಹೊರತು ಊರಲ್ಲ. ಶಾಲೆ ಬಿಟ್ಟು ರಸ್ತೆ ದಾಟುವ ಮಗುವಾಗಲಿ, ರಸ್ತೆಯಂಚಿನಲ್ಲಿ ಮೆಕ್ಕೆಜೋಳ ಒಣಹಾಕುವ ರೈತನಾಗಲಿ ಅದಕ್ಕೆ ಕಾಣುವುದಿಲ್ಲ. 79ರ ವೇಗದಲ್ಲಿಯೂ ಅದು ಮೌನವಾಗಿಯೇ ಇರುತ್ತದೆ. 80ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರು ಸಾಗುತ್ತದೆ. ಬ್ರೇಕು ಹಾಕಿದ ಮೇಲೆ ನಿಲ್ಲಲು 40ರಲ್ಲಿ ಬೇಕಾಗುವುದಕ್ಕಿಂತ ನಾಲ್ಕು ಪಟ್ಟು ದೂರ ಬೇಕಾಗುತ್ತದೆ.

ಸರ್ಕಾರ ವಿಧಿಸಿದ ಮಿತಿ ಕಟ್ಟಳೆ. ಪರರ ಪ್ರಾಣವನ್ನು ನೆನೆದು ನಾವಾಗಿ ಇಟ್ಟುಕೊಂಡ ಮಿತಿ ವ್ರತ. ಕಟ್ಟಳೆಯನ್ನು ಮುರಿಯದವನು ಅಪರಾಧಿಯಲ್ಲ, ನಿಜ. ಅಷ್ಟರಿಂದಲೇ ಅವನು ದಯಾವಂತನಾಗುವುದಿಲ್ಲ.

“ತೆಗೆಸಬೇಡಿ, ಊರು ಬಂದಾಗ 40ಕ್ಕೆ ಹೊಂದಿಸಿಕೊಳ್ಳಿ” ಎಂದೆವು. ಶಿರಾಳಕೊಪ್ಪ ಸೇರುವ ಮೊದಲೇ ಅವರು ಗಾಡಿ ನಿಲ್ಲಿಸಿ ಹಾಗೆಯೇ ಮಾಡಿದರು. ವಾಚಕರೆ, ಸದ್ದು ಕೇಳಿಸುವುದು ಮಿತಿ ಮೀರಿದ ಮೇಲೆ. ಮೀರುವ ಮುನ್ನವೇ ಕಾಲನ್ನು ಹಿಂದಕ್ಕೆ ತೆಗೆಯಬೇಕಾದುದು ನಮ್ಮ ಅರಿವು.